ಆಮ್ಲಕ್ಕೆ ಜನಕ ಯಾರು?

'ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು ತಾನೆ? ಮತ್ತೆ ಅದನ್ನು ಉಸಿರಾಡಿದರೆ ಬಾಯಿ ಏಕೆ ಹುಳಿಯಾಗುವುದಿಲ್ಲ?' ಹೀಗೆ ಕೇಳುವ ಮಗುವಿಗೆ ಅನೇಕ ಮನೆಗಳಲ್ಲಿ ಸಿಗುವ ಉತ್ತರ 'ಪುಸ್ತಕದಲ್ಲಿದ್ದಷ್ಟು ಓದು' ಎಂದು. ಪ್ರಶ್ನೆ ದಡ್ಡತನದ್ದೇನಲ್ಲ. ಆ ಹೆಸರಿನಲ್ಲೇ ಒಂದು ತಪ್ಪು ಅಡಗಿದೆ.

ಆಮ್ಲಜನಕ ಎಂಬುದು ಆಕ್ಸಿಜನ್ ಪದದ ನೇರ ಅನುವಾದ. ಆಕ್ಸಿಜನ್ನಿನ ಬೇರು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ 'ಆಕ್ಸಿಸ್' ಎಂದರೆ ಮೊನಚು. ನಾಲಗೆಯನ್ನು ಚುಚ್ಚುವ ಹುಳಿಗೂ ಅದೇ ಮಾತು. ಎಳೆ ಮಾವಿನಕಾಯಿ ಕಚ್ಚಿ ಹಲ್ಲು ಚುಳ್ಳೆಂದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿತ್ತಲಲ್ಲಿ ಬೆಳೆಯುವ ಪುಲ್ಲಂಪುರಚಿ ಸೊಪ್ಪಿನ ಶಾಸ್ತ್ರೀಯ ಹೆಸರಾದ ಆಕ್ಸಾಲಿಸ್ ಕೂಡ ಈ ಮೂಲದ್ದೇ. ಇನ್ನು 'ಜನ್' ಹುಟ್ಟಿಗೆ ಸಂಬಂಧಿಸಿದ್ದು, ಸಂಸ್ಕೃತದ 'ಜನ್' ಧಾತುವಿನ ಒಡಹುಟ್ಟು. ಹಾಗಾಗಿ 'ಜನಕ' ಎಂಬ ಅನುವಾದ ರಕ್ತಸಂಬಂಧದಲ್ಲೂ ಸರಿಯೇ!

ಈ ಅನಿಲವನ್ನು ಸ್ವೀಡನ್ನಿನ ಷೀಲೆ, ಇಂಗ್ಲೆಂಡಿನ ಪ್ರೀಸ್ಟ್ಲಿ ಮೊದಲೇ ತಯಾರಿಸಿದ್ದರು. ಹೆಸರಿಟ್ಟವನು ಫ್ರಾನ್ಸಿನ ಲೆವಾಸಿಯೆ, 1770ರ ದಶಕದ ಕೊನೆಯಲ್ಲಿ. ಗಂಧಕ, ರಂಜಕ, ಇಂಗಾಲಗಳನ್ನು ಈ ಅನಿಲದಲ್ಲಿ ಉರಿಸಿದಾಗ ದೊರೆತ ವಸ್ತುಗಳು ನೀರಿನಲ್ಲಿ ಕರಗಿ ಆಮ್ಲವಾದವು. ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಆತ ತೀರ್ಮಾನಿಸಿದ. ಕೆಲವೇ ಉದಾಹರಣೆ ಕಂಡು ಎಲ್ಲದಕ್ಕೂ ಅನ್ವಯಿಸಿದ್ದು ಎಡವಟ್ಟಾಯಿತು.

ಏಕೆಂದರೆ ಉಪ್ಪಿನಿಂದ ತಯಾರಿಸುವ, ನಮ್ಮ ಜಠರದಲ್ಲೂ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರುವುದು ಜಲಜನಕ ಮತ್ತು ಕ್ಲೋರಿನ್ ಮಾತ್ರ. ಅದರಲ್ಲೂ ಆಮ್ಲಜನಕ ಅಡಗಿದೆ, ಮುಂದೆ ಸಿಕ್ಕೀತು ಎಂದೇ ಲೆವಾಸಿಯೆ ನಂಬಿದ್ದ. ಇಲ್ಲವೆಂದು ಹಂಫ್ರಿ ಡೇವಿ 1810ರಲ್ಲಿ ಸಾರಿದಾಗ ತಿದ್ದಿಕೊಳ್ಳಲು ಆತ ಬದುಕಿರಲಿಲ್ಲ. ತೆರಿಗೆ ವಸೂಲಿ ಸಂಸ್ಥೆಯ ಪಾಲುದಾರನೆಂದು ಕ್ರಾಂತಿಯ ಸರ್ಕಾರ 1794ರ ಮೇ 8ರಂದು ಅವನ ತಲೆ ಕಡಿಸಿತ್ತು.

ಅಷ್ಟರಲ್ಲಿ ಹೆಸರು ಬೇರೂರಿಬಿಟ್ಟಿತ್ತು. ಜರ್ಮನರು 'ಹುಳಿಯ ದ್ರವ್ಯ' ಎಂದು ತಮ್ಮ ಭಾಷೆಯಲ್ಲಿ ಕರೆದರು. ಬಂಗಾಳಿಯಲ್ಲಿ 'ಅಮ್ಲಜಾನ್' ಆಯಿತು. ನಮ್ಮ ಪಠ್ಯಪುಸ್ತಕಗಳಿಗೂ ಅದೇ ತಪ್ಪು ಶುದ್ಧ ಸಂಸ್ಕೃತದಲ್ಲಿ ಬಂದು ಸೇರಿತು. ಶಾಲೆಯಲ್ಲಿ ಕಲಿಯುವ ಆಮ್ಲಗಳಿಗೆಲ್ಲ ಹುಳಿ ಗುಣ ಕೊಡುವುದು ಜಲಜನಕ. ಬಿರುದು ನ್ಯಾಯವಾಗಿ ಸಲ್ಲಬೇಕಾದದ್ದು ಅದಕ್ಕೆ. (ಅದರ ಹೆಸರಿನಲ್ಲಿ ತಪ್ಪಿಲ್ಲ, ಉರಿದರೆ ನೀರೇ ಬರುತ್ತದೆ.) 'ಈ ಆಮ್ಲಗಳಲ್ಲೆಲ್ಲ ಇರುವ ಧಾತು ಯಾವುದು?' ಎಂಬ ಪ್ರಶ್ನೆಗೆ ಹೆಸರು ನಂಬಿ 'ಆಮ್ಲಜನಕ' ಎಂದು ಬರೆದ ಮಗುವನ್ನು ಗದರಿಸುವ ಮುನ್ನ ಇದು ನೆನಪಿರಲಿ.

ಅನುಮಾನವಿದ್ದರೆ ಶಾಲೆಯಲ್ಲಿ ಶಿಕ್ಷಕರ ಎದುರು ಮೆಗ್ನೀಸಿಯಂ ಪಟ್ಟಿ ಉರಿಸಿ, ಬಿಳಿ ಬೂದಿಯನ್ನು ನೀರಿನಲ್ಲಿ ಕಲಕಿ, ಕೆಂಪು ಲಿಟ್ಮಸ್ ಅದ್ದಿ ನೋಡಿ. ಕಾಗದ ನೀಲಿಯಾಗುತ್ತದೆ. ಆಮ್ಲಜನಕ ಈ ಸಲ ಹುಟ್ಟಿಸಿದ್ದು ಪ್ರತ್ಯಾಮ್ಲವನ್ನು!