ಅವನು ಚಿಲ್ಕಾಕ್ಕೆ ಹೋದ ಮೇಲೆ

ನೌಕಾದಳದಿಂದ ಕರೆ ಬಂತು ಅಂದಕೂಡಲೇ ಮನೆಯಲ್ಲಿ ಎಂಥ ಸಂಭ್ರಮ! ತಾಯಿ ದೇವಸ್ಥಾನಕ್ಕೆ ಹಣ್ಣುಕಾಯಿ ಕಳಿಸುತ್ತಾಳೆ, ತಂದೆ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಾರೆ, ತಮ್ಮಂದಿರಿಗೆ ಅಣ್ಣನ ಅಂಗಿಗಳ ಮೇಲೆ ಕಣ್ಣು. ಈ ಗದ್ದಲದಲ್ಲಿ ಒಬ್ಬಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅವನಿಗೆಂದು ಮಾತಾಗಿರುವ ಹುಡುಗಿಯನ್ನು. ಅವಳಿನ್ನೂ ಆ ಮನೆಗೆ ಸೇರಿದವಳಲ್ಲ. ಸ್ಟೇಷನ್ನಿಗೆ ಹೋಗಿ ಕೈಬೀಸಿದರೆ ನಾಲ್ಕು ಜನ ಏನಂದಾರೋ ಎಂಬ ಸಂಕೋಚ. ಅಳಬೇಕೆಂದರೂ ಬಚ್ಚಲುಮನೆ ಹುಡುಕಬೇಕು!

ಅಂಥ ತಂಗಿಯರಿಗಾಗಿ ಈ ನಾಲ್ಕು ಮಾತು. ನನ್ನ ಯಜಮಾನರು ನೌಕಾದಳದಲ್ಲಿ 15 ವರ್ಷ ದುಡಿದು 2010ರಲ್ಲಿ ಊರಿಗೆ ಬಂದವರು. ಹಾಗಾಗಿ ಕಾರವಾರದ ನಮ್ಮ ಓಣಿಯಲ್ಲಿ ಯಾರ ಮನೆಯ ಹುಡುಗ ಹೊರಟರೂ ಹೆಂಗಸರು ಮೊದಲು ಬರುವುದು ನಮ್ಮ ಅಡಿಗೆಮನೆಗೆ.

ಮೊದಲಿಗೆ ಅವನು ಎಲ್ಲಿಗೆ ಹೋದ ಅಂತ ತಿಳಿದುಕೊಳ್ಳಿ. ಒಡಿಶಾದಲ್ಲಿ ಚಿಲಿಕಾ ಎಂಬ ದೊಡ್ಡ ಸರೋವರವಿದೆ. ಸಮುದ್ರದ ಉಪ್ಪುನೀರು, ನದಿಗಳ ಸಿಹಿನೀರು ಎರಡೂ ಸೇರುವ ಜಾಗ. ಅದರ ಹತ್ತಿರವೇ ನಾವಿಕರಿಗೆ ಮೊದಲ ಪಾಠ ಹೇಳಿಕೊಡುವ ಐಎನ್‌ಎಸ್ ಚಿಲ್ಕಾ. ಶುರುವಾದದ್ದು 1980ರಲ್ಲಿ. ಹೆಸರು ಕೇಳಿದರೆ ಹಡಗು ಅನ್ನಿಸುತ್ತದೆ, ಆದರೆ ಅದು ನೆಲದ ಮೇಲಿರುವ ತರಬೇತಿ ಕೇಂದ್ರ. ನೌಕಾದಳದವರು ದಡದ ಮೇಲಿನ ಕೇಂದ್ರಗಳಿಗೂ ಹಡಗಿನಂತೆಯೇ ಹೆಸರಿಡುತ್ತಾರೆ, ನಮ್ಮ ಕಾರವಾರದ ಐಎನ್‌ಎಸ್ ಕದಂಬದ ಹಾಗೆ. ಅಡಿಗೆಮನೆಗೆ ಅಲ್ಲಿ ಗ್ಯಾಲಿ ಅನ್ನುತ್ತಾರೆ. ಅವನು ಫೋನಿನಲ್ಲಿ "ಗ್ಯಾಲಿಯಲ್ಲಿ ಊಟ ಆಯ್ತು" ಅಂದರೆ ಹಡಗು ಹತ್ತಿಬಿಟ್ಟನೆಂದು ಗಾಬರಿಯಾಗಬೇಡಿ!

ಈಗ ಅಗ್ನಿವೀರರಾಗಿ ಸೇರುವವರಿಗೆ ಅಲ್ಲಿ ಸುಮಾರು ನಾಲ್ಕು ತಿಂಗಳ ತರಬೇತಿ. ಬೆಳಕು ಹರಿಯುವ ಮೊದಲೇ ಎದ್ದು ವ್ಯಾಯಾಮ, ಕವಾಯತು, ಈಜು, ಬಂದೂಕಿನ ಅಭ್ಯಾಸ, ಆಮೇಲೆ ತರಗತಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವುದು, ಬೂಟು ಕನ್ನಡಿಯಂತೆ ಹೊಳೆಯಿಸುವುದು ಬೇರೆ. ಮನೆಯಲ್ಲಿ ಉಂಡ ತಟ್ಟೆ ಎತ್ತಿಡದವನು ಇಷ್ಟೆಲ್ಲ ಕಲಿಯುತ್ತಾನೆ. ಮೊಬೈಲು ಸದಾ ಕೈಯಲ್ಲಿರುವುದಿಲ್ಲ. ಸಿಕ್ಕಾಗಲೂ ಅವನು ಮೊದಲು ಮಾಡುವುದು ತಾಯಿಗೆ. ನಿಮ್ಮ ಪಾಲಿಗೆ ಉಳಿಯುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅವನು "ಹೂಂ, ಹೂಂ" ಅಂದುಬಿಟ್ಟರೆ "ಇವರಿಗೆ ನಾನು ಬೇಡವಾದೆ" ಅಂತ ಇಡೀ ವಾರ ಊಟ ಬಿಟ್ಟವರನ್ನು ನಾನು ಕಂಡಿದ್ದೇನೆ. ತಂಗಿ, ಅದು ಬೇಸರವಲ್ಲ, ನಿದ್ದೆ! ದಿನವಿಡೀ ಮೈ ಬಗ್ಗಿಸಿದ ಹುಡುಗನಿಗೆ ನಿಂತಲ್ಲೇ ಕಣ್ಣು ಎಳೆಯುತ್ತದೆ. ಹಿಂದೆ ಇನ್ನೂ ನಾಲ್ಕು ಜನ ಸರದಿಯಲ್ಲಿ ನಿಂತಿದ್ದರೆ ಪ್ರೀತಿಯ ಮಾತು ಬಾಯಿಗೆ ಬರುವುದಾದರೂ ಹೇಗೆ?

ಅದಕ್ಕೇ ನಾನು ಹೇಳುವುದು, ಕಾಗದ ಬರೆಯಿರಿ ಅಂತ. ಈ ಕಾಲದಲ್ಲಿ ಕಾಗದವೇ ಅಂತ ನಗಬೇಡಿ. ಫೋನಿನ ಮಾತು ಇಟ್ಟಕೂಡಲೇ ಮುಗಿಯಿತು. ಕಾಗದವಾದರೆ ಪೆಟ್ಟಿಗೆಯಲ್ಲಿಟ್ಟು ಬೇಕೆನಿಸಿದಾಗ ತೆಗೆದು ಓದಬಹುದು.

1995ರಲ್ಲಿ ನನ್ನ ಯಜಮಾನರು ಚಿಲ್ಕಾದಲ್ಲಿದ್ದಾಗ ನಾನು ಪಕ್ಕದ ಮನೆಯ ಹೈಸ್ಕೂಲು ಹುಡುಗಿ. ನಮ್ಮ ಅತ್ತೆಗೆ ಓದು ಬರಹ ಬಾರದು. ಇನ್‌ಲ್ಯಾಂಡು ಬಂದಾಗೆಲ್ಲ ನನ್ನನ್ನು ಕೂಗುತ್ತಿದ್ದರು. ಓದಿ ಹೇಳುವುದೂ ನಾನೇ, ಉತ್ತರ ಬರೆಯುವುದೂ ನಾನೇ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ "ಏನು ಬರೀಲಿ ತಂಗಿ, ನೀನೇ ಏನಾದರೂ ಬರಿ" ಅನ್ನೋರು. ನಾನು ಎಮ್ಮೆ ಕರು ಹಾಕಿದ್ದು, ಕರುವಿನ ಹಣೆಯ ಮೇಲೆ ಬಿಳಿ ಬೊಟ್ಟಿದ್ದದ್ದು, ಅದು ಅಂಗಳದಲ್ಲಿ ಒಣಗಿಸಿದ್ದ ಹಪ್ಪಳ ತುಳಿದದ್ದು, ಇಂಥದ್ದನ್ನೇ ತುಂಬಿಸುತ್ತಿದ್ದೆ. ಮದುವೆಯಾದ ಮೇಲೆ ಇವರು ಹೇಳಿದರು, ಆ ಕರುವಿನ ಕಾಗದವನ್ನು ಜೊತೆಯವರಿಗೆಲ್ಲ ಓದಿ ಹೇಳಿದ್ದರಂತೆ. ಕನ್ನಡ ಬಾರದ ಪಂಜಾಬಿ ಹುಡುಗನೊಬ್ಬ ಕೂಡ ವಾರಕ್ಕೊಮ್ಮೆ "ಕರು ಹೇಗಿದೆ?" ಅಂತ ಕೇಳುತ್ತಿದ್ದನಂತೆ.

ನೀವೂ ಹಾಗೇ ಬರೆಯಿರಿ. ಮಳೆ, ಬಸ್ಸು, ಪರೀಕ್ಷೆ, ಅಡಿಗೆ ಸೀದದ್ದು, ಯಾವುದಾದರೂ ಸರಿ. "ನೀವಿಲ್ಲದೆ ಬದುಕಿರಲಾರೆ" ಅಂತ ಮಾತ್ರ ದಯವಿಟ್ಟು ಬೇಡ. ಅಲ್ಲಿಂದ ಎದ್ದು ಬರಲಾರದವನಿಗೆ ಅದನ್ನು ಓದಿ ಏನು ಮಾಡಲಿಕ್ಕಾಗುತ್ತದೆ? ಅತ್ತೆಯಾಗಬೇಕಾದವರು ಏನೋ ಅಂದರು, ನಾದಿನಿ ಮುಖ ತಿರುಗಿಸಿದಳು ಎಂಬ ದೂರುಗಳೂ ಕಾಗದಕ್ಕೆ ಏರಬಾರದು. ಆದರೆ ಮನೆಯಲ್ಲಿ ನಿಜವಾದ ಕಾಯಿಲೆ ಕಷ್ಟ ಬಂದರೆ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಹಿರಿಯರು ನೇರವಾಗಿ ತಿಳಿಸಲಿ. ಬೇರೆ ಯಾರ ಬಾಯಿಂದಲೋ ಗೊತ್ತಾದರೆ ಆಮೇಲೆ ನಿಮ್ಮ "ಎಲ್ಲರೂ ಕ್ಷೇಮ" ಎಂಬ ಮಾತನ್ನೇ ಅವನು ನಂಬುವುದಿಲ್ಲ.

ಇನ್ನು ಮುಖ್ಯವಾದ ವಿಷಯ. ಇದನ್ನು ಹುಡುಗಿಯ ತಂದೆತಾಯಿಯೂ ಓದಬೇಕು.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನೌಕರಿ ನಾಲ್ಕು ವರ್ಷಕ್ಕೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಅಂತ ಗೊತ್ತುಮಾಡಿದರು. ಅದರಲ್ಲಿ ಕೈಗೆ ಬರುವುದು 21,000. ಉಳಿದ 9,000 ಸೇವಾನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಣ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ. ಪಿಂಚಣಿ ಇಲ್ಲ. ಕಾಯಂ ಆಗುವವರು ನೂರಕ್ಕೆ 25ರವರೆಗೆ ಅಂತ ಆಗ ಹೇಳಿದ್ದು. ನಮ್ಮ ಮನೆಯಲ್ಲಿ ತಿಂಗಳ ಕಿರಾಣಿ ಸಾಮಾನು ಇವತ್ತಿಗೂ ಇವರ ಪಿಂಚಣಿಯಿಂದಲೇ ಬರುತ್ತದೆ. ನಿಮ್ಮ ಲೆಕ್ಕ ಹಾಗಲ್ಲ. ಅವನು ವಾಪಸು ಬಂದಾಗ ಇಬ್ಬರಲ್ಲಿ ಒಬ್ಬರ ಕೈಯಲ್ಲಾದರೂ ಕೆಲಸ ಇರಲಿ. ಕಾಲೇಜನ್ನೋ ಹೊಲಿಗೆಯನ್ನೋ ನರ್ಸಿಂಗನ್ನೋ "ಹೇಗೂ ಮದುವೆ ಗೊತ್ತಾಗಿದೆಯಲ್ಲ" ಅಂತ ಅರ್ಧಕ್ಕೆ ಬಿಡಬೇಡಿ.

ಮತ್ತೆ, ಆ ನಾಲ್ಕು ವರ್ಷ ಮದುವೆ ಮಾಡಿಕೊಳ್ಳುವಂತಿಲ್ಲ. ಮಾಡಿಕೊಂಡರೆ ನೌಕರಿಯಿಂದ ತೆಗೆಯುತ್ತಾರೆ. ಸೇರುವಾಗಲೇ ಅವಿವಾಹಿತನೆಂದು ಬರೆದುಕೊಡಬೇಕು. ಇದು ಗೊತ್ತಿದ್ದೂ "ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ತಾಳಿ ಕಟ್ಟಿಸಿಬಿಡೋಣ, ಯಾರಿಗೆ ತಿಳಿಯುತ್ತೆ?" ಅನ್ನುವ ಹಿರಿಯರಿದ್ದಾರೆ.

ನಮಗೆ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ಮದುವೆ ನೋಡಬೇಕೆಂಬ ಆಸೆ. ರಜೆಗೆ ಬಂದಾಗ ಗುಟ್ಟಾಗಿ ಮುಗಿಸುವುದೆಂದು ಎರಡೂ ಕಡೆಯವರು ಒಪ್ಪಿದರು. ಹುಡುಗನೂ ಅಜ್ಜಿಯ ಮುಖ ನೋಡಿ ಸುಮ್ಮನಾದ. ಬೇಡ ಅಂದವಳು ಇಪ್ಪತ್ತು ವರ್ಷದ ಆ ಹುಡುಗಿ ಒಬ್ಬಳೇ. "ಅವರು ಅಷ್ಟು ಕಷ್ಟಪಟ್ಟು ಸೇರಿದ ನೌಕರಿ ನನ್ನ ಕೊರಳಿನ ದಾರಕ್ಕೆ ಹೋಗುವುದು ಬೇಡ" ಅಂದಳಂತೆ. ಬಾಯಿಬಡುಕಿ, ಗಂಡುಬೀರಿ, ಏನೇನೋ ಅನ್ನಿಸಿಕೊಂಡಳು. ಸಂಬಂಧ ಮುರಿಯುವ ಮಾತೂ ಬಂತು. ಆದರೂ ಪ್ರತಿ ಭಾನುವಾರ ಹೋಗಿ ಅಜ್ಜಿಯ ತಲೆ ಬಾಚಿ ಬರುತ್ತಿದ್ದಳು. ಕೊನೆಗೆ ಅಜ್ಜಿಯೇ ತಮ್ಮ ಎರಡೆಳೆ ಸರ ತೆಗೆದು ಅವಳ ಕೈಗಿಟ್ಟರು, ಈಗಲೇ ಹಾಕ್ಕೋಬೇಡ ಅಂತ ಹೇಳಿ. ಅವಳು ಮಾಡಿದ್ದಕ್ಕಿಂತ ದೊಡ್ಡ ಸಹಾಯವನ್ನು ಅವನಿಗೆ ಬೇರೆ ಯಾರು ಮಾಡಿದರು ಹೇಳಿ?

ಚಿಲ್ಕಾ ಮುಗಿದ ಮೇಲೆ ಊರಿಗೇ ಬಂದುಬಿಡುತ್ತಾನೆ ಅಂತ ಎಣಿಸಬೇಡಿ. ಮುಂದಿನ ಪಾಠಕ್ಕೆ ಅವರವರ ಕೆಲಸದ ಪ್ರಕಾರ ಬೇರೆ ಬೇರೆ ಕಡೆ ಕಳಿಸುತ್ತಾರೆ. ಎಂಜಿನ್ ಕೆಲಸದವರಿಗೆ ಲೋಣಾವಳ, ವಿದ್ಯುತ್ತಿನವರಿಗೆ ಜಾಮ್‌ನಗರ, ತೋಪಿನವರಿಗೆ ಕೊಚ್ಚಿ. ಅಂದಹಾಗೆ, 2023ರ ಮಾರ್ಚ್ 28ರಂದು ಹೊರಬಂದ ಅಗ್ನಿವೀರರ ಮೊದಲ ತಂಡದ ಸುಮಾರು 2,600 ಜನರಲ್ಲಿ 273 ಮಂದಿ ಹುಡುಗಿಯರೇ. ಹುಡುಗಿ ಹೋಗಿ ಹುಡುಗ ಊರಲ್ಲಿ ಕಾಗದ ಕಾಯುವ ಕಾಲವೂ ಬಂದಿದೆ!

ಆ ದಿನದ ಕವಾಯತು ನಡೆದದ್ದು ಸೂರ್ಯ ಮುಳುಗಿದ ಮೇಲೆ, ದೀಪಗಳ ಬೆಳಕಿನಲ್ಲಿ. ನಿಮ್ಮವನ ಕವಾಯತಿನ ದಿನ ಗೊತ್ತಾದಕೂಡಲೇ ಎಷ್ಟು ಜನ ಬರಬಹುದೆಂದು ಅವನನ್ನೇ ಕೇಳಿ ರೈಲಿನ ಟಿಕೆಟು ಮಾಡಿಸಿ. ನಮ್ಮ ಕಡೆಯಿಂದ ಒಂದೂವರೆ ಎರಡು ದಿನದ ಹಾದಿ. ಅವಲಕ್ಕಿ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿಕೊಳ್ಳಿ, ಕೆಡುವುದಿಲ್ಲ. ನಿಮ್ಮನ್ನೂ ಕರೆದುಕೊಂಡು ಹೋಗುವುದಾದರೆ ಕಿಟಕಿಯ ಪಕ್ಕದ ಜಾಗವನ್ನು ಅವನ ತಾಯಿಗೆ ಬಿಟ್ಟುಕೊಡಿ.