ಅಂಗಳದಿಂದ ತೊಡಗಬೇಕಾದ ಲೆಕ್ಕ

ಯೂರೋಪಿನ ಯಾವುದೋ ಅಂಗಡಿಯಲ್ಲಿ ಗಾಜಿನ ಭರಣಿಯೊಳಗೆ ಹುಳಿನೀರಿನಲ್ಲಿ ನೆನೆದಿರುವ ಮಿಡಿಸೌತೆಯೊಂದು ಹಾಸನ ಸೀಮೆಯ ಹೊಲದಿಂದ ಹೊರಟದ್ದಾಗಿದ್ದರೆ, ಅದು ಅಲ್ಲಿಗೆ ತಲುಪುವ ಮುನ್ನ ಎಷ್ಟು ಬಗೆಯ ಪರೀಕ್ಷೆಗಳನ್ನು ಹಾದುಬಂದಿದೆಯೆಂಬುದನ್ನು ತಿಳಿದವರಿಗೆ ವಿಸ್ಮಯವಾಗದೆ ಇರದು. ಅದರ ಗಾತ್ರ, ವರ್ಣ, ಆಕಾರಗಳನ್ನು ನೋಡಿ ವಿಂಗಡಿಸಿದ್ದಾರೆ. ಅದರ ಸಿಪ್ಪೆಯಲ್ಲಿ ಉಳಿದಿರಬಹುದಾದ ಕೀಟನಾಶಕದ ಶೇಷವನ್ನು ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆಯಿದ್ದರೂ ಬಿಡದಂತೆ ಪ್ರಯೋಗಶಾಲೆಯಲ್ಲಿ ಶೋಧಿಸಿದ್ದಾರೆ. ಅದೇ ಔಷಧವನ್ನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಡೆದವನ ಉಸಿರಿನಲ್ಲಿ, ಮರುದಿನ ಬರಿಗೈಯಲ್ಲಿ ಕಾಯಿ ಕಿತ್ತವಳ ಬೆರಳುಗಳಲ್ಲಿ ಅದರ ಶೇಷವೆಷ್ಟು ಎಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ಕೇಳುವ ಏರ್ಪಾಡು ಮಾತ್ರ ಈ ದೀರ್ಘವಾದ ಸರಪಳಿಯಲ್ಲಿ ಬಹು ವಿರಳ.

ಸರಕೊಂದು ಹುಟ್ಟುವ ನೆಲದಿಂದ ಮೊದಲ್ಗೊಂಡು ಕೊಳ್ಳುವವನ ಕೈ ಸೇರುವ ತನಕ ಅದಕ್ಕಾಗಿ ದುಡಿದವರಿಗೆ ಒದಗಬಹುದಾದ ಹಾನಿಯನ್ನು ಮುಂಚಿತವಾಗಿ ಗುರುತಿಸಿ ನಿವಾರಿಸುವುದು ವ್ಯಾಪಾರ ಸಂಸ್ಥೆಗಳ ಹೊಣೆಯೆಂಬ ತತ್ತ್ವವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಅನುಮೋದಿಸಿತು. ಎರಡು ವರ್ಷಗಳ ಬಳಿಕ ಢಾಕಾ ಸಮೀಪದ ರಾಣಾ ಪ್ಲಾಜಾ ಕುಸಿದು 1,134 ಜನ ಮೃತರಾದಾಗ ಆ ತತ್ತ್ವದ ಅಗತ್ಯ ಲೋಕಕ್ಕೆಲ್ಲ ಮನದಟ್ಟಾಯಿತು. 2023ರ ಜನವರಿಯಿಂದ ಜರ್ಮನಿಯಲ್ಲಿ ಅದು ದೊಡ್ಡ ಸಂಸ್ಥೆಗಳಿಗೆ ಶಾಸನವೇ ಆಯಿತು. ಹೀಗಾಗಿ ಪ್ರಶ್ನಾವಳಿಗಳನ್ನು ಹಿಡಿದ ಪರಿಶೋಧಕರು ಊರೂರಿಗೆ ಬರುವ ಕಾಲ ಬಂದಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಅವರು ಎಲ್ಲಿ ಕುಳಿತು, ಯಾವ ತಿಂಗಳಿನಲ್ಲಿ, ಯಾರನ್ನು ಪ್ರಶ್ನಿಸುತ್ತಾರೆಂಬುದರ ಮೇಲೆ ಅವರಿಗೆ ದೊರೆಯುವ ಉತ್ತರ ನಿಂತಿದೆ.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪನ್ನು ನೋಡೋಣ. ತಂಬಾಕು ಮಂಡಳಿ ಸ್ಥಾಪಿತವಾದದ್ದು 1976ರಲ್ಲಿ. ಕರ್ನಾಟಕದಲ್ಲಿ ಅದರ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಕಾವೇರಿಯ ದಂಡೆಯ ರಾಮನಾಥಪುರ ರಾಮೇಶ್ವರನ ದೇಗುಲಕ್ಕೆ ಎಷ್ಟು ಪ್ರಸಿದ್ಧವೋ ಸುತ್ತಲಿನ ಬೆಳೆಗಾರರಿಗೆ ತನ್ನ ಹರಾಜು ಮಾರುಕಟ್ಟೆಯಿಂದ ಅಷ್ಟೇ ಪರಿಚಿತ. ಅಲ್ಲಿ ಸಾಲುಸಾಲಾಗಿ ಇಟ್ಟ ಬೇಲುಗಳ ಮೇಲೆ ಬೆಳೆಗಾರನ ಗುರುತು, ತೂಕ, ದರ್ಜೆ ಎಲ್ಲವೂ ದಾಖಲಾಗುತ್ತವೆ. ಪರಿಶೋಧಕನಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಯಾವುದಿದ್ದೀತು? ಆದರೆ ಬೇಲು ಹರಾಜಿಗೆ ಬರುವ ಹೊತ್ತಿಗೆ ಅಪಾಯದ ಕಾಲ ಮುಗಿದುಹೋಗಿರುತ್ತದೆ.

ಅದನ್ನು ನೋಡಬೇಕಾದರೆ ಮುಂಗಾರಿನ ನಡುವೆ, ಜುಲೈಯಿಂದ ಸೆಪ್ಟೆಂಬರಿನವರೆಗೆ, ಹೊತ್ತು ಮೂಡುವ ಮುನ್ನ ಹೊಲಕ್ಕೆ ಹೋಗಬೇಕು. ಗಿಡದ ಬುಡದಿಂದ ಹಣ್ಣಾಗುತ್ತ ಬಂದ ಎರಡು ಮೂರು ಎಲೆಗಳನ್ನಷ್ಟೆ ಒಂದೊಂದು ಸುತ್ತಿನಲ್ಲಿ ಮುರಿಯುತ್ತ, ಮುರಿದದ್ದನ್ನು ಕಂಕುಳಲ್ಲಿ ಅವುಚಿಕೊಂಡು ಸಾಲಿನುದ್ದಕ್ಕೂ ಬಾಗಿ ನಡೆಯುವ ಹೆಂಗಸರ ರವಿಕೆ, ಸೀರೆಗಳು ಇಬ್ಬನಿಯಿಂದಲೂ ಸೋನೆಮಳೆಯಿಂದಲೂ ಒದ್ದೆಯಾಗಿರುತ್ತವೆ. ಆ ನೀರಿನಲ್ಲಿ ಎಲೆಯ ನಿಕೋಟಿನ್ ಕರಗಿ ಚರ್ಮದ ಮೂಲಕ ದೇಹವನ್ನು ಸೇರುತ್ತದೆ; ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಕಾಯಿಲೆಯೆಂದು ಬಹುಕಾಲದಿಂದ ಬಲ್ಲದು. ಹೊಲದಲ್ಲಾದರೋ ಬೆಳಗ್ಗೆ ಏನೂ ತಿನ್ನದೆ ಬಂದದ್ದರಿಂದ ಹೀಗಾಯಿತೆಂದೋ ಮೈಗೆ ಆಗಿಬಂದಿಲ್ಲವೆಂದೋ ಸಮಾಧಾನ ಹೇಳಿಕೊಂಡು ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ಮತ್ತೆ ಸಾಲಿಗೆ ಇಳಿಯುವರು. ಹಗಲೇರಿದ ಮೇಲೆ ಸೊಪ್ಪು ಮನೆಯ ಅಂಗಳಕ್ಕೆ ಬರುತ್ತದೆ. ಅದನ್ನು ಕಡ್ಡಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಏರಿಸುವುದು ಅಂದೇ ಮುಗಿಯಬೇಕಾದ ಕೆಲಸವಾದುದರಿಂದ ಅಜ್ಜಿ, ಸೊಸೆ, ನೆರೆಯವರು ಎಲ್ಲರೂ ಸುತ್ತ ಕೂರುತ್ತಾರೆ. ಬೆರಳುಗಳಿಗೆ ಕಪ್ಪಾದ ಅಂಟು ಹಿಡಿಯುತ್ತದೆ. ಶಾಲೆಯಿಂದ ಬಂದ ಮಗುವೂ ಚೀಲವನ್ನು ಮೂಲೆಗಿಟ್ಟು ಅಲ್ಲಿಯೇ ಕೂತರೆ ಅದನ್ನು ಕೆಲಸವೆಂದು ಕರೆಯುವವರು ಯಾರು?

ಪರಿಶೋಧಕನ ಪುಸ್ತಕ ತೊಡಕಿಗೆ ಸಿಲುಕುವುದು ಈ ಅಂಗಳದಲ್ಲಿ. ಮುಯ್ಯಾಳಾಗಿ ಬಂದ ನೆರೆಯವಳಿಗೆ ಕೂಲಿಯಿಲ್ಲ. ಇಂದು ಈ ಮನೆಗೆ ಬಂದವಳ ಮನೆಗೆ ನಾಳೆ ಇವರು ಹೋಗಬೇಕು. ಮನೆಯ ಹೆಂಗಸಿಗೆ ಹಾಜರಿಯಿಲ್ಲ. ಬ್ಯಾರನ್ನಿನ ನೋಂದಣಿ ಒಬ್ಬರ ಹೆಸರಿನಲ್ಲಿದ್ದು ಬೇಸಾಯವನ್ನು ವಾರಕ್ಕೆ ಮತ್ತೊಬ್ಬರು ಮಾಡುತ್ತಿದ್ದರೆ ಆ ಮತ್ತೊಬ್ಬರ ಮನೆಯವರು ಯಾವ ಕಾಗದದಲ್ಲಿಯೂ ಇಲ್ಲ. ಇನ್ನು ಮಕ್ಕಳ ವಿಷಯ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆ ಹದಿನಾಲ್ಕರೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿ, ಅಪಾಯಕರವಲ್ಲದ ಮನೆತನದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೂ ರಜೆಯಲ್ಲಿಯೂ ನೆರವಾಗಲು ಅವಕಾಶ ಕೊಟ್ಟಿದೆ. ಮರುವರ್ಷವೇ ಭಾರತವು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಬಾಲಕಾರ್ಮಿಕ ವಿಷಯಕವಾದ ಎರಡು ಒಡಂಬಡಿಕೆಗಳನ್ನು ಅಂಗೀಕರಿಸಿತು. ಆದರೆ ಹಸಿಸೊಪ್ಪು ಕಟ್ಟುವ ಮಗು ತಂದೆಯ ಅಂಗಳದಲ್ಲಿದ್ದರೂ ಪರರ ಅಂಗಳದಲ್ಲಿದ್ದರೂ ಅದರ ಎಳೆಯ ಚರ್ಮ ಹೀರುವ ವಿಷ ಒಂದೇ. 2024ರಲ್ಲಿ ಜಗತ್ತಿನಲ್ಲಿ ಸುಮಾರು 13.8 ಕೋಟಿ ಬಾಲಕಾರ್ಮಿಕರಿದ್ದರೆಂದೂ ಅವರಲ್ಲಿ ನೂರಕ್ಕೆ 61 ಮಂದಿ ಕೃಷಿಯಲ್ಲಿದ್ದರೆಂದೂ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಎಣಿಸುವವರಿಗೆ ಈ ಮಕ್ಕಳು ಕಾಣಸಿಗುವುದಿಲ್ಲ.

ಮಿಡಿಸೌತೆಯ ಸಂಗತಿ ಬೇರೊಂದು ಬಗೆಯದು. ತೊಂಬತ್ತರ ದಶಕದ ಆರಂಭದಲ್ಲಿ ಬೇರೂರಿದ ಈ ರಫ್ತು ಬೆಳೆಯಲ್ಲಿ ದೇಶದ ಸುಮಾರು 90,000 ಸಣ್ಣ ರೈತರು ಕರಾರಿನ ಮೇಲೆ ತೊಡಗಿದ್ದಾರೆಂದು ಸರ್ಕಾರವೇ 2022ರಲ್ಲಿ ತಿಳಿಸಿತ್ತು. ಬೀಜ, ಗೊಬ್ಬರ, ಔಷಧಗಳನ್ನು ಕಂಪನಿ ಸಾಲವಾಗಿ ಕೊಟ್ಟು ಕಾಯಿಯ ಹಣದಲ್ಲಿ ಮುರಿದುಕೊಳ್ಳುತ್ತದೆ. ಎಳೆಯ ಸಣ್ಣ ಕಾಯಿಗೆ ಹೆಚ್ಚು ಬೆಲೆ. ಒಂದು ದಿನ ತಡೆದರೆ ಅದು ಬೆಳೆದು ದರ್ಜೆ ಇಳಿಯುತ್ತದೆ. ಆದುದರಿಂದ ಹಬ್ಬವಿರಲಿ ಜ್ವರವಿರಲಿ ಕೊಯ್ಲು ನಿಲ್ಲುವಂತಿಲ್ಲ. ಚನ್ನರಾಯಪಟ್ಟಣದ ಕಡೆಯ ತೆಂಗಿನ ಬೆಳೆಗಾರ ಕಾಯಿ ಕೆಡಹುವ ದಿನವನ್ನು ತಾನು ಗೊತ್ತುಮಾಡಬಲ್ಲ. ಮಿಡಿಸೌತೆಯವನ ದಿನಚರಿಯನ್ನು ಗೊತ್ತುಮಾಡುವುದು ಕಾಯಿಯ ಗಾತ್ರದ ಪಟ್ಟಿ. ಆ ಪಟ್ಟಿಯನ್ನು ಬರೆದವರು ಕೊಳ್ಳುವವರು. ಕೂಲಿಯವರು ಸಿಗದ ದಿನ ಮನೆಯವರೆಲ್ಲ ಸಾಲಿಗಿಳಿಯುವಂತಾದರೆ ಅದರಲ್ಲಿ ರೈತನ ದೋಷವೆಷ್ಟು, ಪಟ್ಟಿಯ ದೋಷವೆಷ್ಟು ಎಂಬುದನ್ನು ವಿಚಾರಿಸದ ಪರಿಶೋಧನೆ ಅರ್ಧದಷ್ಟೇ ಪರಿಶೋಧನೆ.

ಕಾಗದಗಳಿರುವಲ್ಲಿ ಎಲ್ಲವೂ ಸರಿಯಿರುತ್ತದೆಂದೂ ಹೇಳಬರುವುದಿಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹಳ್ಳಿಗಳಿಂದ ಬಸ್ಸು ಹಿಡಿದು ಹಾಸನದ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುವ ಹೆಣ್ಣುಮಕ್ಕಳಿಗೆ ಹಾಜರಿಯೂ ಉಂಟು, ಸಂಬಳದ ಚೀಟಿಯೂ ಉಂಟು. ಆದರೂ 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ರಾಜ್ಯದ ಅನೇಕ ಸಿದ್ಧ ಉಡುಪು ಕಾರ್ಖಾನೆಗಳು ಹೈಕೋರ್ಟಿನ ಆದೇಶದ ಬಳಿಕವೂ ಬಹುಕಾಲ ಕೊಡಲಿಲ್ಲ. ಬಾಧಿತರಾದವರು 4 ಲಕ್ಷಕ್ಕೂ ಮಿಗಿಲು. ಅದನ್ನು ಎತ್ತಿ ಹಿಡಿದು ಹೋರಾಡಿದ್ದು ಕಾರ್ಮಿಕರ ಸಂಘ.

ಮತ್ತೆ ಹೊಲದ ಕಡೆಗೆ ಬಂದರೆ, ದೋಷ ಕಂಡ ಕೂಡಲೆ ರೈತನಿಂದ ಕೊಳ್ಳುವುದನ್ನೇ ನಿಲ್ಲಿಸುವ ಸಂಸ್ಥೆ ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆಯೇ ಹೊರತು ಮಗುವನ್ನಲ್ಲ. ಹರಾಜಿನಲ್ಲಿ ದರ ಬಿದ್ದ ವರ್ಷದ ಮರುವರ್ಷ ಬೆಳೆಗಾರ ಮೊದಲು ಬಿಡುವುದು ಕೂಲಿಯಾಳನ್ನು; ಆ ಜಾಗಕ್ಕೆ ಬಂದು ನಿಲ್ಲುವವರು ಮನೆಯ ಮುದುಕರು, ಮಕ್ಕಳು. ಹೀಗಿರುವಾಗ ಕೊಳ್ಳುವವನ ದರವನ್ನು ಅಪಾಯದ ಪಟ್ಟಿಯಿಂದ ಹೊರಗಿಡುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ರಾಮನಾಥಪುರದಲ್ಲಿ ಪ್ರತಿಯೊಂದು ಬೇಲನ್ನೂ ಅದರ ಬೆಳೆಗಾರನ ನೋಂದಣಿಯ ತನಕ ಹಿಂಬಾಲಿಸುವ ವ್ಯವಸ್ಥೆ ಈಗಾಗಲೇ ಉಂಟು. ಈ ಸೊಪ್ಪನ್ನು ಮುರಿದವರು ಯಾರು, ಅವರಿಗೆ ಸಂದ ಕೂಲಿ ಎಷ್ಟು, ಕೈಗವಸು ದೊರೆತಿತ್ತೆ ಎಂಬ ಮೂರು ಕಲಮುಗಳನ್ನು ಆ ದಾಖಲೆಗೆ ಸೇರಿಸುವುದಕ್ಕೆ ಹೊಸ ಇಲಾಖೆ ಬೇಕಿಲ್ಲ. ಕೊಯ್ಲಿನ ದಿನಗಳಲ್ಲಿ ಹೆಂಗಸರೊಡನೆ ಪ್ರತ್ಯೇಕವಾಗಿ ಕುಳಿತು ಕೇಳುವ ಜನ ಬೇಕು, ಅದರ ವೆಚ್ಚವನ್ನು ಬೆಳೆಗಾರನ ತಲೆಗೆ ಕಟ್ಟದೆ ಸೊಪ್ಪನ್ನು ಕೊಳ್ಳುವವರೇ ಭರಿಸಬೇಕು.