ಹೊಸ ನೆಲಕ್ಕೆ ಮುಂಚೆ ಅಡಿಯ ಹಲಗೆ ನೋಡಿರಿ



ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಇನ್ನೂ ಉಳಿದಿವೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಅದೇ ಮಹಡಿಯ ನೆಲ. ನಮ್ಮದೂ ಅಂಥದೇ ಮನೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಮ್ಮ ತಾಯಿಯವರ ಕೋಣೆ.

ಮಗನ ಮದುವೆಯ ಕಾಲಕ್ಕೆ ಆ ಕೋಣೆಯ ಹಲಗೆಗಳು ಕಿರುಗುಟ್ಟುತ್ತಿದ್ದವು. ನಾವು ಎಬ್ಬಿಸಿ ನೋಡದೆ ಮೇಲೆಯೇ ವಿನೈಲ್ ಹಾಸು ಅಂಟಿಸಿದೆವು. ಬಂದ ಬೀಗರೆಲ್ಲ ಹೊಗಳಿದರು. ಎರಡನೆಯ ಮಳೆಗಾಲದಲ್ಲಿ, ಬೆಳಗಿನ ಜಾವ ಸಾಮಾಯಿಕಕ್ಕೆಂದು ಎದ್ದ ತಾಯಿಯವರ ಕಾಲು ಹಲಗೆ ಮುರಿದು ಮೊಳಕಾಲವರೆಗೆ ಇಳಿಯಿತು. ಎಲುಬು ಮುರಿಯಲಿಲ್ಲ, ಅದು ನಮ್ಮ ಪುಣ್ಯ. "ಸಪ್ಪಳ ನಿನಗೂ ಕೇಳಿಸ್ತಿತ್ತಲ್ಲಪ್ಪಾ" ಎಂದರು ಅಷ್ಟೆ. ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಸು ಕಿತ್ತಾಗ ಬಚ್ಚಲ ಗೋಡೆಯ ಪಕ್ಕ ಹಲಗೆಗಳು ಕೊಳೆತಿದ್ದವು. ನೀರಿನ ಕೊಳವೆಯ ಸಂದಿಯಿಂದ ಹನಿ ಇಳಿಯುತ್ತಿತ್ತು. ಆ ಹಸಿಯನ್ನು ಆರಗೊಡದೆ ಹಿಡಿದಿಟ್ಟದ್ದು ನಾವು ಅಂಟಿಸಿದ ಹಾಸೇ.

ಬಡಿಗೇರರು ಮೊದಲು ಸೋರಿಕೆ ನಿಲ್ಲಿಸಿಸಿದರು. ಹಲಗೆಗಳನ್ನೆಲ್ಲ ತೆಗೆದು, ಪ್ರತಿ ಜಂತಿಗೆ ದಬ್ಬಣ ಚುಚ್ಚಿ ನೋಡಿದರು. ಗಟ್ಟಿ ಮರದಲ್ಲಿ ಮೊನೆ ಇಳಿಯದು, ಕೊಳೆತದ್ದರಲ್ಲಿ ಸಲೀಸಾಗಿ ಇಳಿಯುತ್ತದೆ. ಒಂದು ಜಂತಿಯ ತುದಿ ಹೋಗಿತ್ತು. ಅದರ ಮಗ್ಗುಲಿಗೆ ಅಷ್ಟೇ ಉದ್ದದ ಸಾಗುವಾನಿ ಜಂತಿ ಸೇರಿಸಿ ಬೋಲ್ಟು ಬಿಗಿದರು.

ಆ ಮೇಲೆ 18 ಮಿ.ಮೀ. ದಪ್ಪದ, ಐ.ಎಸ್. 710 ಗುರುತಿನ, ನೀರು ತಡೆಯುವ ಪ್ಲೈವುಡ್ ಹಾಕಿದರು. ನಮ್ಮ ಜಂತಿಗಳ ನಡುವೆ ಒಂದಡಿ ಅಂತರ. ಅಂತರ ಹೆಚ್ಚಿದ್ದರೆ ದಪ್ಪವೂ ಹೆಚ್ಚಬೇಕು. ಎರಡು ಹಾಳೆ ಕೂಡುವ ಜಾಗ ಜಂತಿಯ ನಡುಮಧ್ಯಕ್ಕೇ ಬರಬೇಕು. ಇಟ್ಟಂಗಿ ಕಟ್ಟುವ ಹಾಗೆ ಸಾಲಿನಿಂದ ಸಾಲಿಗೆ ಕೂಡುಜಾಗ ತಪ್ಪಿಸಬೇಕು. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಹಾಳೆಗಳ ನಡುವೆ 3 ಮಿ.ಮೀ. ಸಂದಿ ಬಿಡಬೇಕು.

ಮೊಳೆ ಹೊಡೆಯಗೊಡಬೇಡಿರಿ. ಮರ ಉಬ್ಬಿ ಕುಗ್ಗಿದಂತೆ ಮೊಳೆ ಸಡಿಲಾಗುತ್ತದೆ, ಕಿರುಗುಟ್ಟುವುದು ಅದರಿಂದಲೇ. ಎರಡು ಅಂಗುಲದ ಸ್ಕ್ರೂ ಹಾಕಿಸಿರಿ: ಅಂಚಿನಲ್ಲಿ 6 ಅಂಗುಲಕ್ಕೊಂದು, ನಡುವೆ 12 ಅಂಗುಲಕ್ಕೊಂದು. ತಲೆ ಒಳಗೆ ಕೂತಿರಲಿ. ಮೇಲೆ ಪುಟ್ಟಿ ಹಚ್ಚಿ ಉಜ್ಜದಿದ್ದರೆ ಹಾಸಿನ ಮೇಲೆ ಗುರುತು ಏಳುತ್ತದೆ. ಹಾಸು ಅಂಟಿಸುವ ಮುಂಚೆ ಮನೆಯವರೇ ಮೂಲೆ ಮೂಲೆ ನಡೆದು ಸಪ್ಪಳ ಕೇಳಬೇಕು.

ಸೊಸೆ ಟೈಲ್ಸ್ ಕೇಳಿದಳು. ಎರಡು ಅಂಗುಲ ಗಾರೆಯೊಂದೇ ಚದರ ಮೀಟರಿಗೆ ಸುಮಾರು 100 ಕಿಲೊ ತೂಗುತ್ತದೆ. ಹಳೆಯ ಜಂತಿಗೆ ಆ ಭಾರ ಬೇಡವೆಂದೆವು. ಅವಳೂ ಒಪ್ಪಿದಳು.

ಈ ಕೆಲಸವನ್ನು ಬೇಸಿಗೆಯಲ್ಲಿ, ಚಾತುರ್ಮಾಸಕ್ಕೆ ಮುಂಚೆ ಮುಗಿಸಿರಿ. ಆಗ ಮರ ಒಣಗಿರುತ್ತದೆ. ಹಸಿ ಉಳಿದರೆ ಹುಳು ಹತ್ತುತ್ತದೆ. ಹತ್ತಿದ ಮೇಲೆ ಔಷಧಿ ಹೊಡೆದು ಪಾಪ ಕಟ್ಟಿಕೊಳ್ಳುವುದಕ್ಕಿಂತ ಹಸಿ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಮನೆಗಳಿಗೆ ಒಪ್ಪುವ ದಾರಿ.

ಬಟ್ಟೆಯ ತಾನು ಕೊಳ್ಳುವಾಗ ನಾವು ಮೇಲಿನ ಮಡಿಕೆ ನೋಡಿ ಹಣ ಎಣಿಸುವವರಲ್ಲ. ಒಳಮಡಿಕೆ ಬಿಚ್ಚಿ ನೋಡುತ್ತೇವೆ. ತಾಯಿ ನಡೆದಾಡುವ ನೆಲಕ್ಕೆ ಮಾತ್ರ ಆ ಬುದ್ಧಿ ಬರಲಿಲ್ಲ. ನಿಮ್ಮ ಮನೆಯ ಹಲಗೆ ಕಿರುಗುಟ್ಟುತ್ತಿದ್ದರೆ ಇಂದೇ ಒಂದು ದಬ್ಬಣ ಹಿಡಿದು ನೋಡಿರಿ. ಅದಕ್ಕೆ ಕಾಸಿನ ಖರ್ಚಿಲ್ಲ.

ಜೈ ಜಿನೇಂದ್ರ.